ಎರಡು ಬಾಗಿಲ ನಡುವಿನ ಮಾವಶಿ

ಬೀಡಿ ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಮಾವಶಿಯ ಬೆರಳುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಸುಮ್ಮನೆ ಕೂತಾಗಲೂ ಅವು ಇಲ್ಲದ ಎಲೆಯಲ್ಲಿ ಇಲ್ಲದ ತಂಬಾಕು ತುಂಬಿ ಸುತ್ತುತ್ತಲೇ ಇರುತ್ತಿದ್ದವು. ತುದಿಗಳು ಹಳದಿ, ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಸಿಟ್ಟು ಬಂದಾಗ ಮಾತ್ರ ಬೆರಳು ನಿಲ್ಲುತ್ತಿದ್ದವು. ನಿಂತವೆಂದರೆ ಎದುರಿಗಿದ್ದವರು ತಮ್ಮ ಚಪ್ಪಲಿ ಎಲ್ಲಿವೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ನಿಪ್ಪಾಣಿಯಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಮಾವಶಿ ಎನ್ನುವುದು ರೂಢಿ, ಚಿಕ್ಕಮ್ಮ ಎಂದಂತೆ. ಆಕೆ ನನಗಿಂತ ದೊಡ್ಡವಳೋ ಸಣ್ಣವಳೋ ಕೇಳುವ ಧೈರ್ಯ ನನಗಾಗಲಿಲ್ಲ. ಎಲ್ಲರಿಗೂ ಮಾವಶಿ, ನನಗೂ ಮಾವಶಿ.

ನನ್ನ ಮಗಳು ಗಂಡನಿಂದ ಬೇರೆಯಾಗಿ ಅಲಖನೂರಿನ ನಮ್ಮ ಮನೆಗೆ ಬಂದಾಗ ಮೊಮ್ಮಗಳಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಒಂದು ದಿನ ಅಳಿಯ ಬಂದು, ಐಸ್‌ಕ್ರೀಂ ಕೊಡಿಸುತ್ತೇನೆಂದು ಕೂಸನ್ನು ಕರೆದುಕೊಂಡು ಹೋದವನು ನೆಟ್ಟಗೆ ಕೊಲ್ಲಾಪುರದಲ್ಲಿರುವ ತನ್ನ ಅಣ್ಣನ ಮನೆಗೆ ಒಯ್ದ. ಗಡಿ ದಾಟಿದ ಮೇಲೆ ಈ ಕಡೆಯ ಪೊಲೀಸರು ಅವರನ್ನು ಕೇಳಿರಿ ಎಂದರು, ಆ ಕಡೆಯವರು ಇವರನ್ನು ಕೇಳಿರಿ ಎಂದರು. ಕೊನೆಗೆ ಕೋರ್ಟಿನ ಆದೇಶ ತಂದ ಮೇಲೆಯೇ ಕೂಸು ತಿರುಗಿ ಬಂತು. ಬಂದ ಮೇಲೆ ಕೂಸು ಅವ್ವನ ಸೆರಗು ಬಿಡಲಿಲ್ಲ. ಆಗ ಕೋರ್ಟು ಹೇಳಿತು: ಮಗು ತಾಯಿಯ ಹತ್ತಿರ ಇರಲಿ, ತಂದೆ ವಾರ ಬಿಟ್ಟು ವಾರ ಭಾನುವಾರ ಮಧ್ಯಾಹ್ನ ನೋಡಲಿ, ಆದರೆ ಮೂರನೆಯವರ ಎದುರಿಗೆ. ಆ ಮೂರನೆಯವಳೇ ಮಾವಶಿ.

ಬೀಡಿ ಕಟ್ಟುವ ಹೆಂಗಸರ ಸಂಘಕ್ಕೆ ಒಂದು ಹಳೆಯ ವಖಾರ ಇತ್ತು, ತಂಬಾಕು ತುಂಬಿಡುತ್ತಿದ್ದ ಗೋದಾಮು. ಅದಕ್ಕೆ ಪೇಟೆಯ ಕಡೆಗೊಂದು ಬಾಗಿಲು, ಹಿಂದಿನ ಓಣಿಗೊಂದು ಬಾಗಿಲು. ನಮ್ಮದು ಮುಂದಿನದು, ಅಳಿಯನದು ಹಿಂದಿನದು. ತಂಬಾಕು ಹೋಗಿದ್ದರೂ ಘಾಟು ಗೋಡೆಯಲ್ಲೇ ಉಳಿದಿತ್ತು. ಮೊದಲ ಭಾನುವಾರ, ಮಾವಶಿಯ ಮಾತಿನಲ್ಲಿ ಐತವಾರ, ಈ ಬಾಗಿಲಲ್ಲಿ ನಾನು ಸೀನಿದೆ, ಆ ಬಾಗಿಲಲ್ಲಿ ಅವನು ಸೀನಿದ.

"ಬರೋಬರ್ ಆತ ನೋಡ್ರಿ," ಎಂದಳು ಮಾವಶಿ. "ಇದೊಂದರಾಗರೆ ಇಬ್ರೂ ಕೂಡಿದ್ರಿ."

ಆಕೆಯ ವಖಾರದಲ್ಲಿ ಕೂಸನ್ನು ಯಾರೂ ಯಾರ ಕೈಗೂ ಕೊಡುವಂತಿರಲಿಲ್ಲ. ನಾನು ಮುಂಬಾಗಿಲಲ್ಲಿ ಕೈ ಬಿಡಬೇಕು, ಅಳಿಯ ಆ ತುದಿಯ ಚಾಪೆಯ ಮೇಲೆ ಕೂತಿರಬೇಕು. ನಡುವಿನ ಹಾಸುಗಲ್ಲಿನ ನೆಲವನ್ನು ಕೂಸು ತಾನೇ ದಾಟಬೇಕು. ಮೊದಲ ಸಲ ಅವಳು ನಟ್ಟನಡುವೆ ನಿಂತುಬಿಟ್ಟಳು. ಅಳಿಯ ಏಳಲು ಹೋದ, ನಾನು ಹಿಂದಿನಿಂದ "ಹೋಗವಾ" ಎನ್ನಲು ಹೋದೆ. ಮಾವಶಿ ಇಬ್ಬರಿಗೂ ಕಣ್ಣು ಬಿಟ್ಟಳು. "ನಿಲ್ಲಲಿ ಬಿಡ್ರಿ. ಬಸ್ ತಪ್ಪತೈತೇನು ನಿಮ್ದು?" ಕೂಸು ಎಷ್ಟೋ ಹೊತ್ತು ನಿಂತು, ಹಲ್ಲಿಯೊಂದನ್ನು ನೋಡಿ, ತಲೆ ಕೆರೆದುಕೊಂಡು, ಆಮೇಲೆ ತಾನೇ ನಡೆದು ಅಪ್ಪನ ಎದುರು ಕೂತಿತು.

ತಿರುಗಿ ಹೋಗುವಾಗ ಏನೂ ಕೇಳಬಾರದು. ಇದು ನನಗೆ ಕಷ್ಟವಾಯಿತು. ನಾನು ಬಸ್ ಕಂಡಕ್ಟರ್. ನೌಕರಿಯೆಲ್ಲ "ಎಲ್ಲಿಂದ, ಎಲ್ಲಿಗೆ" ಎಂದು ಕೇಳುತ್ತಲೇ ಕಳೆದವನು. "ಅಪ್ಪ ಏನ ಕೊಟ್ಟ, ಯಾರ ಬಂದಿದ್ರು, ಅವ್ವನ ಸುದ್ದಿ ಕೇಳಿದ್ನೇನ ಅಂತ ಕೂಸಿನ ಬಾಯಾಗ ಕೈ ಹಾಕಬ್ಯಾಡ್ರಿ," ಎಂದಿದ್ದಳು ಮಾವಶಿ. "ತಾನಾಗೇ ಹೇಳಿದ್ರ ಹೂಂ ಅನ್ರಿ. ಇಲ್ಲಂದ್ರ ಶೇಂಗಾ ತಿನ್ರಿ." ಹಾಗಾಗಿ ಆ ವರ್ಷ ನಿಪ್ಪಾಣಿಯಿಂದ ಚಿಕ್ಕೋಡಿಯವರೆಗೆ ನಾನು ತಿಂದ ಶೇಂಗಾಕ್ಕೆ ಮಿತಿಯಿಲ್ಲ.

ಊರಿನ ಹಿರಿಯರಿಗೆ ಇದು ಸರಿಬರಲಿಲ್ಲ. ಒಬ್ಬರು ವಖಾರಕ್ಕೇ ಬಂದು, ಮುರಿದ ಸಂಸಾರ ಕೂಡಿಸುವುದು ಬಿಟ್ಟು ಬಾಗಿಲು ಕಾಯುತ್ತಾ ಕೂತಿದ್ದೀಯಲ್ಲ ಎಂದು ಆಕೆಗೆ ಬುದ್ಧಿ ಹೇಳಿದರು. ಮಾವಶಿ ಮೊದಲು ಅವರಿಗೆ ಚಹಾ ಕುಡಿಸಿದಳು. ಆಮೇಲೆ ಹೇಳಿದಳು: "ಗಂಡ ಹೆಂಡ್ತಿ ಹರಕೊಂಡಾರ್ರಿ. ಅಪ್ಪ ಅವ್ವ ಹರಕೊಂಡಿಲ್ಲ. ನಾ ಕಾಯೂದು ಅದನ್ನ. ಇನ್ನೊಂದ ಕಪ್ ಹಾಕ್ಲಿ?"

ಮಾವಶಿ ಎಂಥವಳೆಂದು ನನಗೆ ಪೂರ್ತಿ ತಿಳಿದದ್ದು ಜಾವಳದ, ಅಂದರೆ ಕೂಸಿನ ಮೊದಲ ಕೂದಲು ತೆಗೆಸುವ, ಮಾತು ಬಂದ ದಿನ.

ಅಂದು ನಾನು ಎಂದಿನಂತೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆ. ಹಿಂದಿನ ಓಣಿಯಲ್ಲಿ ಜೀಪು ನಿಂತ ಸದ್ದು, ಆಮೇಲೆ ದೊಡ್ಡ ದೊಡ್ಡ ಮಾತು. ಒಳಗೆ ಓಡಿದೆ. ಅಳಿಯನ ತಾಯಿ, ಅಂದರೆ ನನ್ನ ಬೀಗತಿ, ತೆಂಗಿನಕಾಯಿ, ಹೊಸ ಫ್ರಾಕು ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಕೊಲ್ಲಾಪುರದ ಆ ಅಣ್ಣ. ಅಳಿಯ ಮಗಳ ಬೆರಳು ಹಿಡಿದುಕೊಂಡು ನೆಲ ನೋಡುತ್ತಿದ್ದಾನೆ.

"ದೇವರ ಕೆಲಸಾ ಮಾವಶಿ," ಎನ್ನುತ್ತಿದ್ದಳು ಬೀಗತಿ. "ಕೂಸಿಂದ ಜಾವಳಾ ಆಗಿಲ್ಲ. ಮನಿದೇವರಿಗೆ ಹೋಗಿ ಕೂದಲಾ ಕೊಟ್ಟ ನಾಳೆ ಸಂಜೀಕ ಬರತೇವಿ."

ಮನೆದೇವರು ಕೊಲ್ಲಾಪುರದ ಆಚೆ. ಗಡಿ ದಾಟಿದರೆ ಮತ್ತೆ ಅದೇ ಕತೆ. ಆದರೂ ದೇವರ ಹೆಸರು ಬಂದಿತ್ತಲ್ಲ, ಬೇಡ ಎನ್ನಲಾರದೆ ಮಾವಶಿಯ ಕಡೆ ನೋಡಿದೆ. ಮಾವಶಿಯ ಬೆರಳು ನಿಂತಿದ್ದವು.

"ಛಲೋ ಆತು," ಎಂದಳು. "ಸ್ವಾದರಮಾವ ಎಲ್ಲಿ?"

ಬೀಗತಿ ದೊಡ್ಡ ಮಗನ ಮುಖ ನೋಡಿದಳು.

"ಸ್ವಾದರಮಾವನ ತೊಡಿ ಮ್ಯಾಲ ಕುಂಡ್ರಸಲಾರದ, ಮೊದಲ ಕತ್ತರಿ ಅವನ ಕೈಲೆ ಹಚ್ಚಸಲಾರದ ಜಾವಳಾ ಯಾವ ಊರಾಗ ಮಾಡ್ತಾರವಾ? ಕಂಡಕ್ಟರ್ ಸಾಹೇಬ್ರ, ನಿಮ್ಮ ಮಗಗ ಹೇಳಿ ಕಳಿಸ್ಯಾರೇನು?"

"ಇಲ್ಲ," ಎಂದೆ. ನನ್ನ ಮಗ ಆ ಹೊತ್ತಿಗೆ ಊರಲ್ಲಿ ಕಬ್ಬಿಗೆ ನೀರು ಬಿಡುತ್ತಿದ್ದ. ಬೀಗತಿಯ ಮುಖ ಬಾಡಿತು. ಅವಸರದಲ್ಲಿ ಕಾಯಿ ನೆನಪಾಗಿತ್ತು, ಫ್ರಾಕು ನೆನಪಾಗಿತ್ತು, ಸೋದರಮಾವ ಮರೆತುಹೋಗಿದ್ದ.

ಅಣ್ಣ ಮುಂದೆ ಬಂದ. "ಏ ಮುದುಕಿ, ಬೀಡಿ ಕಟ್ಟಾಕಿ ನೀ. ನಮಗ ಶಾಸ್ತ್ರಾ ಹೇಳ್ತಿಯೇನು? ಸರಿ ಬಾಜೂಕ."

ಮಾವಶಿ ತನ್ನ ಸ್ಟೂಲನ್ನು ದರದರ ಎಳೆದುಕೊಂಡು ಹೋಗಿ ಹಿಂಬಾಗಿಲ ಹೊಸ್ತಿಲಿಗೆ ಹಾಕಿ ಕೂತಳು. "ಹೌದಪಾ, ಬೀಡಿ ಕಟ್ಟಾಕಿನ. ಕೂಲಿ ಹೆಚ್ಚ ಮಾಡ್ರಿ ಅಂತ ಮಾಲಕರ ಲಾರಿಗೆ ಅಡ್ಡ ಮಲಗಿದಾಕಿ. ನಿನ್ನ ಜೀಪ ಅದರ ಮುಂದ ಭಾಳ ಸಣ್ದ ಐತಿ." ಆಮೇಲೆ ಬೀಗತಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಹರಕಿ ಖರೇ ಇದ್ರ ತಪ್ಪಸೂದ ಬ್ಯಾಡ ಅಕ್ಕಾ. ಇವರ ಮಗನ್ನ ಕರಸೂಣು, ಕೂದಲಾ ತಗ್ಯಾಕ ಹಡಪದಣ್ಣನ್ನ ಕರಸೂಣು. ಇಲ್ಲೇ ತಗೀಲಿ. ಕೂದಲಾ ದೇವರಿಗೆ ಒಯ್ರಿ. ಕೂಸು ಇಲ್ಲೇ ಇರಲಿ."

ಕೊನೆಗೆ ಅಳಿಯನನ್ನು ನೋಡಿದಳು. "ನೀ ಹೇಳಪಾ. ಮಗಳ ಬೇಕೋ, ಗೆಲ್ಲೂದ ಬೇಕೋ? ಇವತ್ತ ಒಯ್ದಿ ಅಂದ್ರ ಒಂದ ರಾತ್ರಿ ನಿನ್ನ ಹಂತ್ಯಾಕ ಇರತಾಳ. ಆಮ್ಯಾಲ ಈ ಐತವಾರನೂ ಹೋಗತೈತಿ."

ಅವನು ಜೀಪು ನೋಡಿದ, ಅಣ್ಣನನ್ನು ನೋಡಿದ. ಆಮೇಲೆ ಮಗಳ ಜೊತೆ ಮತ್ತೆ ಚಾಪೆಯ ಮೇಲೆ ಕೂತ. "ಅಣ್ಣಾ, ನೀವ ಹೋಗ್ರಿ," ಎಂದ. "ಆಕೀಗೆ ಚೌಕಾಬಾರಾ ಕಲಸಾಕತ್ತಿದ್ನಿ. ಆಟ ಇನ್ನೂ ಮುಗದಿಲ್ಲ."

ಜೀಪು ಹೋಯಿತು. ನನಗೋ ಒಳಗೊಳಗೇ ಹಿಗ್ಗು. "ಇವತ್ತಿಗೆ ಸಾಕ್ರಿ, ಕರಕೊಂಡ ಹೋಗತೇನಿ," ಎಂದೆ.

"ಯಾಕ? ಅವನ ವ್ಯಾಳ್ಯಾ ಇನ್ನೂ ಐತಿ," ಎಂದಳು ಮಾವಶಿ. "ಆ ನಗಿ ಒಳಗ ಇಟಗೊಂಡ ಹೊರಗ ನಡೀರಿ. ನಿಮ್ಮ ಕಡೆಯವರ ಹಿಂಗ ಬಂದಿದ್ರೂ ನಾ ಇದನ್ನ ಮಾಡತಿದ್ನಿ."

ಮುಂದೆ ಜಾವಳ ಆ ವಖಾರದಲ್ಲೇ ಆಯಿತು. ನನ್ನ ಮಗನ ತೊಡೆಯ ಮೇಲೆ ಕೂಸು ಲಬೋ ಲಬೋ ಎಂದು ಅತ್ತಿತು. ಬೀಗತಿ ಕೂದಲನ್ನು ಹೊಸ ಬಟ್ಟೆಯಲ್ಲಿ ಕಟ್ಟಿಕೊಂಡು ದೇವರಿಗೆ ಹೋದಳು. ದೇವರು ಮುನಿದದ್ದಂತೂ ನನಗೆ ಕಾಣಲಿಲ್ಲ.

ವರ್ಷಗಳು ಕಳೆದವು. ಅಳಿಯನಿಗೆ ಕಾಗವಾಡದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿಯಾಯಿತು. ಇನ್ನು ಯಾರ ಕಾವಲೂ ಬೇಡ, ತಂದೆ ಮಗಳನ್ನು ಹೊರಗೆ ಕರೆದೊಯ್ಯಬಹುದು ಎಂದಿತು ಕೋರ್ಟು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಮೊಮ್ಮಗಳನ್ನು ಬಿಡುತ್ತೇನೆ, ಸಂಜೆ ಅಲ್ಲಿಂದಲೇ ಕರೆದುಕೊಂಡು ಬರುತ್ತೇನೆ.

ತಂಬಾಕಿನ ಧೂಳು ಮಾವಶಿಯ ಎದೆಯಲ್ಲಿ ಕೂತಿತ್ತು. ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ಒಂದು ಭಾನುವಾರ ಮೊಮ್ಮಗಳೊಂದಿಗೆ ಮುಂಜಾನೆಯೇ ನಿಪ್ಪಾಣಿಗೆ ಹೋದೆ. ಮಾತಾಡಲು ಉಸಿರಿರಲಿಲ್ಲ, ಬೈಯಲು ಇತ್ತು.

"ಇವತ್ತ ಆಕಿ ಅಪ್ಪನ ಐತವಾರ ಅಲ್ಲೇನು? ಅಲ್ಲಿ ಅವ ಸ್ಟ್ಯಾಂಡಿನ್ಯಾಗ ದಾರಿ ಕಾಯತಾನ, ಇಲ್ಲಿ ನೀವು ಸಾಯೂ ಮುದುಕಿ ಮಾರಿ ನೋಡಾಕ ಬಂದೀರಿ? ನಡೀರಿ, ನಡೀರಿ."

ಇಟ್ಟ ಚಹಾ ಹಾಗೇ ಬಿಟ್ಟು ಎದ್ದೆವು.

ಮುಂದಿನ ಸರದಿಯ ಭಾನುವಾರ ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಅಳಿಯನ ಬಸ್ಸು ಕಾಯುತ್ತಿದ್ದಾಗ ಫೋನು ಬಂತು. ಮಾವಶಿ ಬೆಳಗಿನ ಜಾವ ಹೋಗಿದ್ದಳು, ಮಧ್ಯಾಹ್ನಕ್ಕೇ ಮಣ್ಣು. ನಿಪ್ಪಾಣಿಯ ಬಸ್ಸು ಎದುರಿಗೇ ನಿಂತಿತ್ತು. ಡ್ರೈವರ್ ಹಳೆಯ ಪರಿಚಯ, ಹಾರ್ನ್ ಹೊಡೆದು ಕರೆದ. ಮೊಮ್ಮಗಳು ಕಣ್ಣೊರೆಸಿಕೊಳ್ಳುತ್ತ, "ಅಜ್ಜಾ, ಹೋಗೂಣ?" ಎಂದಳು.

"ಪಪ್ಪಾ ಬರಲಿ," ಎಂದೆ. ಆ ಬಸ್ಸು ಹೋಯಿತು. ಕಾಗವಾಡದ್ದು ಎಷ್ಟೋ ತಡವಾಗಿ ಬಂತು. ಸುದ್ದಿ ಕೇಳಿ ಅಳಿಯ ಟವೆಲಿನಿಂದ ಮುಖ ಮುಚ್ಚಿಕೊಂಡ. ಮೂವರೂ ಮುಂದಿನ ಬಸ್ಸು ಹತ್ತಿದೆವು.

ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಜನ ತಿರುಗಿ ಬರುತ್ತಿದ್ದರು. ಸಂಘದ ಹೆಣ್ಣುಮಗಳೊಬ್ಬಳು ನನ್ನನ್ನು ತಡೆದು ನಿಲ್ಲಿಸಿದಳು. "ಏನ್ರಿ ಕಂಡಕ್ಟರ್, ಅಷ್ಟ ಬೇಕಾದವರು ನೀವು. ಮಾವಶಿ ಮಣ್ಣಿಗೆ ಇಷ್ಟ ತಡಾ ಮಾಡೂದಾ?"

"ಹೌದವಾ, ತಡಾ ಆತು," ಎಂದೆ, ತಲೆ ತಗ್ಗಿಸದೆ. "ಇವತ್ತ ಇಕಿ ಅಪ್ಪನ ಐತವಾರ ಇತ್ತು. ಅವ ಬರೂತನಕಾ ನಿಂತಿದ್ನಿ."