ನಂದಲ್ಲ ಎಂದ ನನ್ನ ತಮ್ಮ

ಕೆಲಸ ಹೆಚ್ಚಾಗಿ ನನ್ನ ತಮ್ಮ ಗುರುಸಿದ್ಧ ಚಿತ್ರ ಬರೆಯುವುದನ್ನು ಬಿಟ್ಟ ಎಂದು ಮೊಮ್ಮಕ್ಕಳಿಗೆ ಯಾರೋ ಹೇಳಿದ್ದಾರೆ. ಸುಳ್ಳು. ಅವನು ಅಂಜುಬುರುಕ, ಅಂಜಿ ಬಿಟ್ಟ. ಆದದ್ದು ಅಷ್ಟೇ.

ನಮ್ಮ ಕಡೆಯ ಊರುಗಳು ಇನ್ನೂ ಮುಂಬೈ ರಾಜ್ಯಕ್ಕೆ ಸೇರಿದ್ದ ಕಾಲ. ಇಳಕಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ ನಾನು ಸೀರೆಯ ಸೆರಗಿನ ರೇಷ್ಮೆಗೆ ಕೆಂಪು ಬಣ್ಣ ಹಾಕುತ್ತಿದ್ದೆ. ಪಡಸಾಲೆಯಲ್ಲಿ ಅವನು ಊರೂರಿನ ಕಲಾವಿದರ ಚಿತ್ರ ತೂಗುಹಾಕಿ ಮಾರುತ್ತಿದ್ದ. ವಾರಕ್ಕೊಮ್ಮೆ ಬಾದಾಮಿಗೆ ಹೋಗಿ, ಗವಿಯ ಗೋಡೆಗೆ ಮೂಗು ಹಚ್ಚಿ ನಿಂತು, ಅಳಿಸಿಹೋದ ಚಿತ್ರಗಳ ಚರಿತ್ರೆ ಬರೆದು ಪೇಪರಿಗೆ ಕಳಿಸುತ್ತಿದ್ದ. ಬೆಳಿಗ್ಗೆ ಮಾತ್ರ ನನ್ನ ಬಣ್ಣದ ಹಂಡೆಯ ಪಕ್ಕ ಕುಳಿತು ತನ್ನ ಚಿತ್ರ ಬರೆಯುತ್ತಿದ್ದ. ಅದರಲ್ಲಿ ದೇವರಿಲ್ಲ, ಮನುಷ್ಯರಿಲ್ಲ, ಗಿಡವಿಲ್ಲ.

"ಇದೇನಲೇ?"

"ಏನೂ ಅಲ್ಲಕ್ಕಾ. ಬರೇ ಬಣ್ಣ."

ಹನ್ನೊಂದಾಯಿತೆಂದರೆ ಸೀಮೆಎಣ್ಣೆ ಹಚ್ಚಿ ಉಗುರು ತಿಕ್ಕುತ್ತಿದ್ದ. "ಬಣ್ಣದ ಕೈ ಕಂಡ್ರ ಗಿರಾಕಿ ನನ್ನ ಮಾತು ನಂಬೂದಿಲ್ಲಕ್ಕಾ. ಮಂದಿ ಚಿತ್ರ ತೂಗಿ ನೋಡಾಂವ ತಾ ಬರೀಬಾರ್ದು."

"ನನ್ನ ಕೈ ಮೊಣಕೈತನಾ ಕೆಂಪದಾವು. ಯಾರು ನಕ್ಕಾರ?" ಎಂದರೆ ಇನ್ನಷ್ಟು ಸೀಮೆಎಣ್ಣೆ ಸುರಿದುಕೊಳ್ಳುತ್ತಿದ್ದ.

ಒಂದು ದಿನ, ಮೂಲತಃ ಧಾರವಾಡದವರೇ ಆದ ಸಾಹೇಬರೊಬ್ಬರು ಮುಂಬೈಯ ಪ್ರದರ್ಶನಕ್ಕೆ ಚಿತ್ರ ಆರಿಸಲು ಬಂದರು. ಇವನು ತನ್ನದೊಂದನ್ನು ಸಾಲಿನ ಕೊನೆಗೆ ತೂಗುಹಾಕಿದ್ದ, ಹೆಸರಿಲ್ಲದೆ. ಕೆಂಪಿನೊಳಗೆ ಒಂದು ಕಪ್ಪು ಪಟ್ಟಿ. ಆ ಕೆಂಪು ಹದವಾಗಿತ್ತು. ಅಷ್ಟು ನನಗೆ ತಿಳಿಯುತ್ತದೆ. ಸಾಹೇಬರು ಅದರ ಮುಂದೆ ನಿಂತವರು ಅಲ್ಲಾಡಲಿಲ್ಲ. ನಾನು ಕೊಟ್ಟ ಚಹಾ ಕೈಯಲ್ಲೇ ಆರಿತು.

"ಯಾರದ್ರಿ ಇದು?"

ನಾನು ಬಾಯಿ ತೆರೆದೆ. ಅವನು ಕಣ್ಣಲ್ಲೇ ಕೈಮುಗಿದ. ಸುಮ್ಮನಾದೆ. ಅದಕ್ಕೆ ನನ್ನ ಮೇಲೆಯೇ ಇವತ್ತಿಗೂ ಸಿಟ್ಟು.

"ಯಾರೋ ಹೊಸಬನದ್ರಿ," ಎಂದ. ಅಷ್ಟಕ್ಕೇ ಬಿಡಲಿಲ್ಲ. ಕಪ್ಪು ಭಾರ ಆಗೇತಿ, ಕೈ ಇನ್ನೂ ಪಳಗಿಲ್ಲ ಎಂದು ತಾನೇ ಒಂದೊಂದು ತಪ್ಪು ತೆಗೆದು ತೋರಿಸಿದ.

"ಒಯ್ಯಬೇಕಂತ ಮಾಡಿದ್ದೆ. ಬಲ್ಲವ್ರು ನೀವ ಹಿಂಗಂದ್ರ ಬಿಡ್ರಿ," ಎಂದು ಸಾಹೇಬರು ಬೇರೆ ಎರಡು ಆರಿಸಿದರು.

ಒಳಗೆ ಬಂದವನನ್ನು ಕೇಳಿದೆ: "ನಂದು ಅನ್ನಾಕ ಏನಾಗಿತ್ತಲೇ, ಹೇಡಿ?"

"ಬಾದಾಮ್ಯಾಗ ಬರದವ್ರೂ ಹೆಸರು ಹಾಕಿಲ್ಲಕ್ಕಾ."

"ಹಾಕಿಲ್ಲ, ಖರೆ. ಯಾರರ ಕೇಳಿದ್ರ ನಂದಲ್ಲ ಅಂದಿರಾಕಿಲ್ಲ."

ಅಂದು ಸಂಜೆಯೇ, ಆರಿಸಿದ ಚಿತ್ರ ತಲುಪಿಸುವ ನೆಪದಲ್ಲಿ, ಸಾಹೇಬರ ಜೊತೆ ಬಸ್ಸು ಹತ್ತಿದ. ಮುಂಬೈಯಲ್ಲೇ ನೌಕರಿ ಹಿಡಿದು, ಕಂಡವರ ಚಿತ್ರ ಹೊಗಳುತ್ತ ಅಲ್ಲೇ ತೀರಿಕೊಂಡ. ಮತ್ತೆ ಕುಂಚ ಮುಟ್ಟಲಿಲ್ಲವಂತೆ. ನಾನಂತೂ ಆಮೇಲೆ ಅವನ ಮುಖ ನೋಡಲಿಲ್ಲ.

ಅವನು ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಆ ಚಿತ್ರವನ್ನು ಇಳಿಸಿ ನೆಲಕ್ಕೆ ಹಾಕಿದೆ. ಕಡ್ಡಿಯನ್ನು ಸುಣ್ಣದಲ್ಲಿ ಅದ್ದಿ, ಎರಡನೇ ಇಯತ್ತೆಗೇ ಶಾಲೆ ಬಿಟ್ಟ ನನ್ನ ಅಕ್ಷರದಲ್ಲಿ ಅದರ ಮೇಲೆ ದಪ್ಪಗೆ ಅವನ ಹೆಸರು ಬರೆದೆ. ಬೀದಿಗೆ ಕಾಣುವ ಹಾಗೆ ತಲೆಬಾಗಿಲಿಗೆ ಮೊಳೆ ಹೊಡೆದೆ.