ಮಂಚ ತಿರುಗದ ಮನೆಗಳು
ಚಿಂತಾಮಣಿಯ ನಮ್ಮ ಬೀದಿಯ ಹಳೇ ಕಲ್ಲುಚಪ್ಪಡಿ ಮನೆಗಳ ನಡುವೆ ಹೊಸ ಮನೆಯೊಂದು ಎದ್ದಿತೆಂದರೆ, ಗೃಹಪ್ರವೇಶಕ್ಕೆ ಪುರೋಹಿತರಿಗಿಂತ ಮೊದಲು ಚನ್ನಕೇಶವಪ್ಪ ಹಾಜರು. ಒಂದು ಮನೆಗೆ ಅರಮನೆಯ ಕಂಬ, ಪಕ್ಕದ್ದು ಬರೀ ಗಾಜಿನ ಡಬ್ಬಿ, ಅದರಾಚೆಯದಕ್ಕೆ ಹಡಗಿನ ಮೂತಿ. ಅವರಿಗೆ ಎಲ್ಲವೂ ಒಂದೇ. ದೇವರ ಕೋಣೆ, ಅಡುಗೆಮನೆ ತೋರಿಸಲು ಕರೆದರೆ "ಅದಿರ್ಲಿ ಬಿಡಪ್ಪ" ಎಂದು ನೇರವಾಗಿ ಮೆಟ್ಟಿಲಿಗೆ ನಡೆಯುತ್ತಾರೆ. ತಿರುವಿನಲ್ಲಿ ನಿಂತು ಎರಡೂ ಕೈ ಚಾಚುತ್ತಾರೆ. ಬೆರಳು ಗೋಡೆಗೆ ತಾಗಿದರೆ ಮುಖ ಬಾಡುತ್ತದೆ; "ಇಲ್ಲಿ ಮಂಚ ತಿರುಗಲ್ಲ ಕಣಪ್ಪ" ಎಂದು ಊಟವನ್ನೂ ಮಾಡದೆ ಹೊರಟುಬಿಡುತ್ತಾರೆ. ಈಗಿನ ಮಂಚಗಳನ್ನು ಬಿಚ್ಚಿ ಜೋಡಿಸಬಹುದಲ್ಲ ಎಂದು ಹೊಸಬರು ಹಿಂದಿನಿಂದ ನಗುತ್ತಾರೆ. ಹಳಬರು ನಗುವುದಿಲ್ಲ. ಈ ಬೀದಿಯಲ್ಲಿ ಎಲ್ಲಕ್ಕಿಂತ ಚೆಂದವಾಗಿ ಕಾಣುವ ಮನೆ ಚನ್ನಕೇಶವಪ್ಪನವರದೇ. ಕೆಳಗಿನ ಹಾಲ್ ದೊಡ್ಡದಾಗಿರಲೆಂದು ಹಟ ಹಿಡಿದು ಮೆಟ್ಟಿಲನ್ನು ಕಿರಿದು ಮಾಡಿಸಿದವರೂ ಅವರೇ. ಮಹಡಿಯ ಕೋಣೆಯಲ್ಲಿ ಹೆಂಡತಿ ಅಶ್ವತ್ಥಮ್ಮ ತೀರಿಕೊಂಡ ದಿನ, ಆಕೆಯನ್ನು ಮಲಗಿಸಿಕೊಂಡು ಇಳಿಸಲು ಆ ತಿರುವು ಬಿಡಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆಕೆಯದೇ ಸೀರೆಯಿಂದ ಬಿಗಿದು ನಾವು ನಾಲ್ವರು ಇಳಿಸಿದೆವು. ವಾಲುತ್ತಿದ್ದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಚನ್ನಕೇಶವಪ್ಪ ಕೆಳಗಿನ ಮೆಟ್ಟಿಲವರೆಗೂ ಒಂದೇ ಮಾತು ಹೇಳುತ್ತಿದ್ದರು: "ನಿಧಾನ ಕಣ್ರಪ್ಪ, ಗೋಡೆ ತಗಲುತ್ತೆ ಅವಳಿಗೆ."