ಎಂಜಿನ್ ಸದ್ದು ಕೇಳಲು ಹೋದ ಭಾನುವಾರ

ಹಳೆಯ ಕಾರು ಕೊಳ್ಳುವವನು ಮೊದಲು ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ನಮಸ್ಕಾರ ಹೇಳಿ ವಾಪಸ್ ಬರಬೇಕು. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮೈಸೂರಿನ ಒಂದು ಎಂಜಿನ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ನಾನು ಕಲಿತ ಪಾಠ ಇದು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಮೊದಲ ಅರ್ಧ ನಿಮಿಷದಲ್ಲಿ ತನ್ನ ರೋಗವನ್ನೆಲ್ಲ ತಾನೇ ಹೇಳಿಕೊಂಡುಬಿಡುತ್ತದೆ. ಬಿಸಿಯಾದ ಮೇಲೆ ಲೋಹ ಹಿಗ್ಗುತ್ತದೆ, ಸಂದುಗಳು ಮುಚ್ಚಿಕೊಳ್ಳುತ್ತವೆ, ಬಹಳಷ್ಟು ರೋಗಗಳು ಬಾಯಿ ಮುಚ್ಚಿಕೊಳ್ಳುತ್ತವೆ.

ಆ ಕಾರ್ಖಾನೆಯಲ್ಲಿ ನಾನಿದ್ದದ್ದು ನಾಲ್ಕೇ ವರ್ಷ. ಆಮೇಲೆ ಸಾಫ್ಟ್‌ವೇರಿಗೆ ಬಂದೆ, ಸಿಂಗಪುರಕ್ಕೆ ಬಂದೆ. ಈಗ ಪಾಯಾ ಲೆಬಾರ್‌ನ ಒಂದು ಆಫೀಸಿನಲ್ಲಿ, ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುವ ತಂಡವನ್ನು ನೋಡಿಕೊಳ್ಳುತ್ತೇನೆ. ಆದರೆ ನನ್ನ ಜಂಬವೆಲ್ಲ ಆ ನಾಲ್ಕು ವರ್ಷದ್ದೇ. ಟ್ಯಾಕ್ಸಿ ಹತ್ತಿದರೆ, ನಿಮ್ಮ ವೀಲ್ ಬೇರಿಂಗ್ ಹೋಗುತ್ತಿದೆ ಎಂದು ಡ್ರೈವರ್‌ಗೆ ಹೇಳದೆ ಇಳಿದವನಲ್ಲ. ನನ್ನ ಕಿವಿಯ ಬಗ್ಗೆ ಮನೆಯಲ್ಲಿ ಎಷ್ಟೋ ಕಥೆಗಳಿವೆ. ಹೆಚ್ಚಿನವನ್ನು ಹಬ್ಬಿಸಿದವನು ನಾನೇ.

ಹೀಗಿರುವಾಗ ಒಂದು ಕಿಟ್ ಕಾರು ಮಾರಾಟಕ್ಕಿದೆ ಎಂಬ ಜಾಹೀರಾತು ಕಣ್ಣಿಗೆ ಬಿತ್ತು. ಕಿಟ್ ಕಾರು ಎಂದರೆ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದು, ಕೊಂಡವನೇ ಕೂತು ಜೋಡಿಸಿಕೊಳ್ಳುವ ಕಾರು. ನೆಲಕ್ಕೆ ಅಂಟಿಕೊಂಡಂತಿರುತ್ತದೆ, ಬಾಗಿಲಿಲ್ಲ, ಛಾವಣಿಯಿಲ್ಲ, ಎರಡೇ ಸೀಟು. ಸಿಂಗಪುರದ ರಸ್ತೆಯಲ್ಲಿ ಓಡಿಸಲು ಪರವಾನಗಿ ಇರುವಂಥವು ಬಹಳ ಕಡಿಮೆ. ಮೂವತ್ತು ವರ್ಷದಿಂದ ಇಂಥದೊಂದರ ಸ್ಟಿಯರಿಂಗ್ ಹಿಡಿಯಬೇಕೆಂಬ ಆಸೆ ನನಗೆ. ಹೈಬ್ರಿಡ್ ಎಂಜಿನ್ ಎಂದು ಬರೆದಿದ್ದನ್ನು ಓದಿ ನನ್ನ ಹೆಂಡತಿ, "ಪರವಾಗಿಲ್ವೇ, ಬ್ಯಾಟರಿದಾ?" ಎಂದಳು. ಅದಲ್ಲ ಎಂದು ವಿವರಿಸಿದೆ. ಒಂದು ಕಾರಿನ ಎಂಜಿನ್ನಿನ ಕೆಳಭಾಗಕ್ಕೆ ಇನ್ನೊಂದು ಕಾರಿನ ಎಂಜಿನ್ನಿನ ತಲೆ ಕೂರಿಸಿದ್ದಾರೆ; ಕಿಟ್ ಕಾರಿನವರು ಅದನ್ನೂ ಹೈಬ್ರಿಡ್ ಎನ್ನುತ್ತಾರೆ. "ಅಯ್ಯೋ, ಯಾರದೋ ತಲೆ ಯಾರದೋ ಮೈಗೆ ಇಟ್ಟಿರೋದನ್ನ ತಗೋತೀರಾ?" ಎಂದಳು. ಗಣೇಶನಿಗೆ ಇಟ್ಟಿಲ್ಲವಾ ಎಂದೆ.

ಅವಳ ಅನುಮಾನದಲ್ಲಿ ಸತ್ಯವಿತ್ತು. ಅಂಥ ಎಂಜಿನ್ನಿನಲ್ಲಿ ಎಲ್ಲವೂ ಎರಡು ಭಾಗ ಕೂಡುವ ಜಾಗದ ಮೇಲೆ ನಿಂತಿರುತ್ತದೆ. ಕೆಳಗಿನ ಎಣ್ಣೆ ತಲೆಗೆ ಸರಿಯಾಗಿ ಏರುತ್ತಿದೆಯೇ, ನೀರಿನ ದಾರಿಗಳು ಒಂದಕ್ಕೊಂದು ಕೂಡಿವೆಯೇ ಎಂದು ಕಾಗದ ನೋಡಿ ಹೇಳಲಾಗುವುದಿಲ್ಲ. ಕಿವಿಗೊಟ್ಟು ಕೇಳಬೇಕು.

ತೊಡಕಿದ್ದದ್ದು ಅಲ್ಲೇ. ಹಿಂದಿನ ವರ್ಷದ ಆರೋಗ್ಯ ತಪಾಸಣೆಯಲ್ಲಿ ನನ್ನ ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬಟನ್ ಒತ್ತಿ ಎಂದಿದ್ದರು. ನಾನು ಬಟನ್ ಹಿಡಿದು ಬಹಳ ಹೊತ್ತು ಕಾದೆ. ಎಡಗಿವಿ ಹೆಚ್ಚುಕಡಿಮೆ ಹೋಗಿದೆ, ಬಲಗಿವಿಗೂ ಕೀರಲು ಸದ್ದುಗಳು ಸಿಗುತ್ತಿಲ್ಲ ಎಂದರು ಡಾಕ್ಟರು. ಸದ್ದಿರುವ ಜಾಗದಲ್ಲಿ ಕೆಲಸ ಮಾಡಿದ್ದಿರಾ ಎಂದೂ ಕೇಳಿದರು. ಕಾರ್ಖಾನೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದವರನ್ನು ಆಡಿಕೊಂಡು ನಗುತ್ತಿದ್ದವನು ನಾನೇ. ಮಾಡಿದ್ದುಣ್ಣೋ ಮಹಾರಾಯ. ಆ ವರದಿಯನ್ನು ಆಫೀಸಿನ ಡ್ರಾಯರಿನ ತಳಕ್ಕೆ ಹಾಕಿ ಮನೆಯಲ್ಲಿ ಉಸಿರೆತ್ತಲಿಲ್ಲ. ನಾಚಿಕೆಯಾಗಿತ್ತು.

ಭಾನುವಾರ ಸಂಜೆ ಐದಕ್ಕೆ ಕಲ್ಲಾಂಗ್‌ನ ಒಂದು ವರ್ಕ್‌ಶಾಪಿಗೆ ಬರುತ್ತೇನೆ, ದಯವಿಟ್ಟು ಎಂಜಿನ್ ಮುಟ್ಟಬೇಡಿ ಎಂದು ಮಾರುವವರಿಗೆ ತಿಳಿಸಿದ್ದೆ. ಆದರೆ ನಾಲ್ಕು ಗಂಟೆಗೆ ನನ್ನ ಹೆಂಡತಿ, ಮೈಸೂರಿನಿಂದ ತಂದು ಫ್ರಿಜ್ಜಿನ ಪಕ್ಕ ನೇತುಹಾಕಿದ್ದ ಕ್ಯಾಲೆಂಡರ್ ಮುಂದೆ ನಿಂತಳು.

"ರೀ, ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ವಾಹನ ನೋಡೋಕೆ ಯಾರಾದ್ರೂ ಆ ಹೊತ್ತಲ್ಲಿ ಹೋಗ್ತಾರಾ?"

ನನಗೆ ಇದರಲ್ಲಿ ನಂಬಿಕೆಯಿಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ. ಆದರೂ ಫೋನ್ ತೆಗೆದು ಆರೂವರೆಗೆ ಬರುತ್ತೇನೆಂದು ಮೆಸೇಜ್ ಮಾಡಿದೆ. ಎದುರುಗಡೆಯವರು ಹೆಬ್ಬೆಟ್ಟಿನ ಚಿತ್ರ ಕಳಿಸಿದರು.

ಜೊತೆಗೆ ಮಗಳು ಹೊರಟಳು. ಅವಳಿಗೆ ಇಪ್ಪತ್ತಮೂರು, ಇಲ್ಲೇ ಬೆಳೆದವಳು, ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ನಮ್ಮ ಮನೆಯಿರುವ ಪುಂಗೋಲ್‌ನಲ್ಲಿ ರೈಲು ಹತ್ತಿದಾಗ ನನ್ನ ಎಡಗಡೆ ಖಾಲಿ ಸೀಟಿತ್ತು. ಅದನ್ನು ಬಿಟ್ಟು, ಬಲಗಡೆ ಕೂತಿದ್ದ ಆಂಟಿಯನ್ನು ವಿನಂತಿಸಿ ಆಚೆ ಸರಿಸಿ ಅಲ್ಲೇ ಕೂತಳು. ಚಿಕ್ಕಂದಿನ ಹಟಗಳು ಹೋಗಿಲ್ಲ ಎಂದುಕೊಂಡೆ. ಫೋನಿನಲ್ಲಿ ಏನೋ ಹುಡುಕುತ್ತಿದ್ದವಳು ಇದ್ದಕ್ಕಿದ್ದಂತೆ ನಗತೊಡಗಿದಳು.

"ಅಪ್ಪ, ರಾಹುಕಾಲ ಸನ್‌ರೈಸ್ ನೋಡಿ ಕ್ಯಾಲ್ಕುಲೇಟ್ ಮಾಡೋದಂತೆ. ಇಲ್ಲಿ ಸನ್‌ರೈಸೇ ಸೆವೆನ್‌ಗೆ. ಸಂಡೆ ಅಂದ್ರೆ ಐದೂವರೆಯಿಂದ ಏಳು. ಐದಕ್ಕೆ ಹೋಗಿದ್ರೆ ಸೇಫ್ ಇತ್ತು. ಈಗ ಕರೆಕ್ಟಾಗಿ ಮಧ್ಯಕ್ಕೆ ಹೋಗ್ತಾ ಇದ್ದೀವಿ!"

ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲಿ ಮೈಸೂರಿನ ರಾಹುಕಾಲವನ್ನು ಸಿಂಗಪುರದ ಗಡಿಯಾರದಲ್ಲಿ ತಪ್ಪಿಸಿಕೊಂಡು ಬಂದಿದ್ದೆವು. ಅಮ್ಮನಿಗೆ ಹೇಳಬೇಡ ಎಂದೆ.

ವರ್ಕ್‌ಶಾಪು ಕಾರುಗಳೂ ಮೇಲಕ್ಕೆ ಹತ್ತಿ ಬರುವ ಹಳೆಯ ಕೈಗಾರಿಕಾ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿತ್ತು. ಮಾರುವವರು ಎಪ್ಪತ್ತು ದಾಟಿದ ಚೀನೀ ಅಂಕಲ್. ಕಾರನ್ನು ಜೋಡಿಸಿದವರೂ ಅವರೇ. ಅಷ್ಟು ತಗ್ಗಿನ ಸೀಟಿನಲ್ಲಿ ಕೂತು ಏಳಲು ಮಂಡಿ ಒಪ್ಪುತ್ತಿಲ್ಲ, ಅದಕ್ಕೇ ಮಾರುತ್ತಿದ್ದೇನೆ ಎಂದರು. ಹಸಿರು ಬಣ್ಣದ ಕಾರು, ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು. ನಾನು ಬಾನೆಟ್ಟಿನ ಮೇಲೆ ಕೈ ಇಟ್ಟೆ. ಕಾದ ಹೆಂಚು! ನೀವು ತಡವಾಗಿ ಬರುತ್ತೀರಿ ಎಂದಿರಲ್ಲ, ನಿಮಗೆ ಕಾಯುವ ತೊಂದರೆ ಬೇಡವೆಂದು ಒಂದು ತಾಸು ಓಡಿಸಿ, ಬಿಸಿ ಮಾಡಿ ಈಗಷ್ಟೇ ನಿಲ್ಲಿಸಿದ್ದೇನೆ ಎಂದರು ಅಂಕಲ್. ಮುಖದಲ್ಲಿ ಮೋಸವಿರಲಿಲ್ಲ, ಇದ್ದದ್ದು ಮರ್ಯಾದೆ. ಮುಟ್ಟಬೇಡಿ ಎಂದದ್ದು ಐದು ಗಂಟೆಯ ಭೇಟಿಗೆ ಮಾತ್ರ ಎಂದುಕೊಂಡಿದ್ದರು.

ನನ್ನ ಪಾಠದ ಪ್ರಕಾರ ವಾಪಸ್ ಹೊರಡಬೇಕಿತ್ತು. ಹೊರಡಲಿಲ್ಲ. ಎಂಜಿನ್ನಿನ ಕೆಳಭಾಗವಾದ ಬ್ಲಾಕಿನ ಮೇಲಿನ ನಂಬರನ್ನು ನೋಂದಣಿ ಪತ್ರಕ್ಕೆ ತಾಳೆ ನೋಡಿದೆ, ಸರಿಯಿತ್ತು. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದೆ. ನೀರು ಬೆರೆತಿದ್ದರೆ ಹಾಲಿನ ಕೆನೆಯಂಥದ್ದು ಅಂಟುತ್ತದೆ, ಅಂಟಲಿಲ್ಲ. ಕೆಳಗಿನ ಬ್ಲಾಕಿನಿಂದ ತಲೆಗೆ ಎಣ್ಣೆ ಒಯ್ಯಲು ಅಂಕಲ್ ಹೊರಗಿನಿಂದ ಒಂದು ತೆಳ್ಳನೆಯ ಪೈಪು ಕೂರಿಸಿದ್ದರು. ಚೊಕ್ಕವಾದ ಕೆಲಸ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿದೆ. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಮಗಳು ನೋಡಲೆಂದೇ ಸ್ವಲ್ಪ ಹೆಚ್ಚಾಗಿಯೇ ಓರೆ ಮಾಡಿ ಕೇಳಿದೆ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡುತ್ತಿತ್ತು.

"ಸ್ವೀಟ್," ಎಂದೆ. ಅಂಕಲ್ ಕೂಡ ಸ್ವೀಟ್ ಎಂದರು.

"ಅಪ್ಪ, ಟಿಕ್ ಟಿಕ್ ಅಂತಿದ್ಯಲ್ಲ, ಅದೇನು?" ಎಂದಳು ಮಗಳು.

"ಅದು ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಸದ್ದು ಪುಟ್ಟಿ, ಇದ್ದೇ ಇರತ್ತೆ," ಎಂದುಬಿಟ್ಟೆ. ನನಗೆ ಟಿಕ್ ಎಂಬುದೇ ಕೇಳಿಸಿರಲಿಲ್ಲ. ಅಂಕಲ್ ಏನಾಯಿತೆಂದು ಕೇಳಿದರು. ಅವಳು ಹೇಳಿದಾಗ, ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಅದರೊಳಗಿದ್ದ ಶ್ರವಣಯಂತ್ರವನ್ನು ತೋರಿಸಿ, ಈ ಗದ್ದಲದಲ್ಲಿ ಇದನ್ನು ಹಾಕಿಕೊಳ್ಳುವುದಿಲ್ಲ ಎಂದು ನಕ್ಕರು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ಇಲ್ಲಿ ಒಂದು ಕಿನ್ನರಿಗೆ ಇಬ್ಬರು ಕಿವುಡರು ತಲೆದೂಗುತ್ತಿದ್ದೆವು. ವ್ಯತ್ಯಾಸವೆಂದರೆ ಅವರು ಡಬ್ಬಿ ತೆಗೆದು ತೋರಿಸಿದರು, ನಾನು ತೋರಿಸಲಿಲ್ಲ.

ಮೇಜಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಕೊಟ್ಟರೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತದೆ; ಕಾರ್ಖಾನೆಯಲ್ಲಿ ಇದೇ ನನ್ನ ಹೆಸರುವಾಸಿ ವಿದ್ಯೆ. ಬಲಗಿವಿಗೆ ಒತ್ತಿಕೊಂಡೆ. ಗುಂಯ್ ಎಂಬ ದಪ್ಪ ಸದ್ದು ಬಿಟ್ಟು ಇನ್ನೇನೂ ಇಲ್ಲ. ಚೆನ್ನಾಗಿದೆ, ತೆಗೆದುಕೊಳ್ಳುತ್ತೇನೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇನ್ನೊಂದು ಸೀಟಿನಲ್ಲಿ ಕೂರುವವಳು ಮಗಳೇ ತಾನೇ? ತಲೆಗೆ ಎಣ್ಣೆ ಸಾಲದೆ ಎಂಜಿನ್ ಹೆದ್ದಾರಿಯಲ್ಲಿ ಕಚ್ಚಿಕೊಂಡು ನಿಂತರೆ? ನನಗೆ ಭಯವಾಯಿತು.

"ಕೂದಲು ಗಂಟು ಹಾಕ್ಕೋ," ಎಂದೆ ಅವಳಿಗೆ. "ಬೆಲ್ಟ್ ತಿರುಗ್ತಾ ಇದೆ, ಹುಷಾರು." ಸ್ಕ್ರೂಡ್ರೈವರ್ ಅವಳ ಕೈಗೆ ಕೊಟ್ಟು ತಲೆಯ ಮುಂಭಾಗದಿಂದ ಹಿಂದಕ್ಕೆ ಒಂದೊಂದೇ ಜಾಗ ತೋರಿಸುತ್ತಾ ಹೋದೆ.

"ಇಲ್ಲಿ ಇಲ್ಲ. ಇಲ್ಲಿ ಸ್ವಲ್ಪ. ಅಪ್ಪ, ಇಲ್ಲಿ ಜೋರಾಗಿದೆ! ನಿನಗೆ ನಿಜವಾಗ್ಲೂ ಕೇಳಿಸ್ಲಿಲ್ವಾ?"

ತಲೆಯ ಹಿಂತುದಿ, ಪೈಪಿನಿಂದ ದೂರದ ಮೂಲೆ. ಬಿಸಿಯಾಗಿ ತೆಳುವಾದ ಎಣ್ಣೆ ಅಲ್ಲಿಯವರೆಗೆ ಒತ್ತಡದಿಂದ ತಲುಪುತ್ತಿರಲಿಲ್ಲ. ತಣ್ಣಗಿದ್ದಾಗ, ಗಟ್ಟಿ ಎಣ್ಣೆಯಲ್ಲಿ, ಈ ಸದ್ದು ಬರುತ್ತಲೇ ಇರಲಿಲ್ಲ. ಐದು ಗಂಟೆಗೇ ಬಂದಿದ್ದರೆ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

"ಇಲ್ಲ ಪುಟ್ಟಿ," ಎಂದೆ. "ನನಗೆ ಕಿವಿ ಕೇಳ್ಸಲ್ಲ. ಎಡಗಡೆದು ಪೂರ್ತಿ ಹೋಗಿದೆ."

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಗೊತ್ತು," ಎಂದಳು.

ಅಂಕಲ್‌ಗೆ ಎಂಜಿನ್ನಿನ ವಿಷಯ ಹೇಳಿದೆವು. ಅವರು ಶ್ರವಣಯಂತ್ರ ಹಾಕಿಕೊಂಡು ತಾವೇ ಕೇಳಿದರು, ಮುಖ ಸಪ್ಪಗಾಯಿತು. ಪೈಪು ಬಿಚ್ಚಿ ನೋಡುತ್ತೇನೆ, ಸರಿಯಾಗುವವರೆಗೆ ಯಾರಿಗೂ ಮಾರುವುದಿಲ್ಲ ಎಂದರು. ಎರಡು ವಾರದ ನಂತರ ಅವರೇ ಫೋನ್ ಮಾಡಿದರು. ಪೈಪು ಕೂಡುವ ಕಡೆ ಸಂದು ಮುಚ್ಚಲು ಹಚ್ಚುವ ಗ್ಯಾಸ್ಕೆಟ್ ಅಂಟಿನ ಒಂದು ಚೂರು ಸಿಕ್ಕಿಕೊಂಡು ದಾರಿ ಕಟ್ಟಿತ್ತಂತೆ. ನಾವು ಹೋಗಿ ತಣ್ಣಗೊಮ್ಮೆ, ಬಿಸಿಯಾಗಿ ಒಮ್ಮೆ ಕೇಳಿದೆವು. ಅಂದರೆ ಅವಳು ಕೇಳಿದಳು, ನಾನು ಜಾಗ ತೋರಿಸಿದೆ. ಸದ್ದು ಹೋಗಿತ್ತು. ಕಾರು ತೆಗೆದುಕೊಂಡೆ.

ಕೀಲಿ ಕೈಗೆ ಬಂದ ಬೆಳಿಗ್ಗೆ ಹೆಂಡತಿಯೂ ವರ್ಕ್‌ಶಾಪಿಗೆ ಬಂದು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು, ಮಗಳು ಹೇಳಿಬಿಟ್ಟಿದ್ದ ಸಿಂಗಪುರದ ರಾಹುಕಾಲ ನೋಡಿಯೇ. ನಾನು ಬಲಗಡೆಯ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಹಿಡಿದೆ. ಮೂವತ್ತು ವರ್ಷದ ಆಸೆ. ಮಗಳು ಸುತ್ತಿ ಬಂದು ನನ್ನ ಎಡಕ್ಕೆ ಕೂತು ಏನೋ ಹೇಳಿದಳು. ಎಂಜಿನ್ ಓಡುತ್ತಿತ್ತು. ನಾನು ಸುಮ್ಮನೆ ತಲೆಯಾಡಿಸಿದೆ.

ಅವಳು ಇಳಿದು, ಮುಂದಿನಿಂದ ಸುತ್ತಿ ಬಂದು, ನನ್ನ ಬಲಕ್ಕೆ ನಿಂತಳು.

"ಅಪ್ಪ, ರೈಲಲ್ಲಿ, ಊಟಕ್ಕೆ, ಎಲ್ಲಾ ಕಡೆ ನಾನು ರೈಟ್ ಸೈಡೇ ಕೂತ್ಕೋತೀನಲ್ಲ. ಇಲ್ಲಿ ಅದು ಡ್ರೈವರ್ ಸೀಟು. ಏನು ಮಾಡೋಣ ಹೇಳು?"

ನಾನು ಕಾಲುಗಳನ್ನು ಹೊರಗೆ ಎಳೆದುಕೊಂಡು ಕಷ್ಟಪಟ್ಟು ಎದ್ದೆ. ಕೀಲಿ ಸ್ಟಿಯರಿಂಗ್ ಪಕ್ಕದ ಕಿಂಡಿಯಲ್ಲೇ ಇತ್ತು. ಎಡಗಡೆಗೆ ಹೋಗಿ ಕೂತೆ, ಸ್ಟಿಯರಿಂಗ್ ಅವಳು ಹಿಡಿದಳು. ಪುಂಗೋಲ್ ತಲುಪುವವರೆಗೆ, ಆ ಗಾಳಿಯಲ್ಲಿ, ಅವಳು ಹೇಳಿದ್ದೆಲ್ಲ ನನಗೆ ಕೇಳಿಸಿತು.